ತೊಟ್ಟಿಗೆ ಇಳಿಯುವ ಮುನ್ನ

ಗುರುಬಸವನ ಬೂಟು ಕಾಣೆಯಾಗಿತ್ತು. ಮಂಚದ ಕೆಳಗೆ ಇಲ್ಲ, ಬಾಗಿಲ ಹಿಂದೆ ಇಲ್ಲ, ಬಚ್ಚಲ ಕಟ್ಟೆಯ ಮೇಲೂ ಇಲ್ಲ. ಮೆಹದಿಪಟ್ಟಣಂನ ಆ ಪುಟ್ಟ ಬಾಡಿಗೆ ಮನೆಯಲ್ಲಿ ಒಂದು ಜೊತೆ ಬೂಟು ಕಳೆದುಹೋಗುವಷ್ಟು ಜಾಗವಾದರೂ ಎಲ್ಲಿತ್ತು?

“ಅವ್ವಾ, ನನ್ನ ಬೂಟ ಎಲ್ಲಿಟ್ಟೀದಿ?”

“ನಾ ಯಾಕ ಇಡ್ಲಿ? ಬೆಕ್ಕ ಒಯ್ದಿರಬೇಕು ನೋಡು.”

“ಎರಡೂ ಬೂಟ ಒಯ್ಯೋ ಬೆಕ್ಕ ಯಾವುದವ್ವಾ?”

ಸಾವಿತ್ರಿಬಾಯಿ ಒಲೆಯ ಕಡೆ ತಿರುಗಿಕೊಂಡರು. ಬೂಟು ಜೋಳದ ಡಬ್ಬಿಯೊಳಗಿತ್ತು. ಕಾಳಿನ ಡಬ್ಬಿಗೆ ಕಾಲು ತಗುಲಿದರೂ ಕೆನ್ನೆ ಬಡಿದುಕೊಳ್ಳುವ ಹೆಂಗಸು ಆಕೆ. ಆದರೆ ಮಗ ಅಲ್ಲಿ ಮಾತ್ರ ಹುಡುಕುವುದಿಲ್ಲ ಎಂದು ಗೊತ್ತಿತ್ತು. ಲಕ್ಷ್ಮಿಯನ್ನು ಆಮೇಲೆ ಹೇಗಾದರೂ ಸಮಾಧಾನ ಮಾಡಿದರಾಯಿತು, ಮಗ ಇವತ್ತು ಹೊಸ್ತಿಲು ದಾಟಬಾರದು.

ಅವತ್ತು ಪಟಾನ್‌ಚೆರು ಕಡೆಯ ಒಂದು ಮೈದಾನದಲ್ಲಿ ತರಬೇತಿ ಶುರುವಾಗುವುದಿತ್ತು. ಬೆಂಕಿ ಆರಿಸುವುದು, ಹೊಗೆಯಲ್ಲಿ ಸಿಕ್ಕವರನ್ನು ಹೊರಗೆ ತರುವುದು, ತೊಟ್ಟಿಗೆ ಬಿದ್ದವರನ್ನು ಎತ್ತುವುದು, ಇದನ್ನೆಲ್ಲ ಕೈಯಾರೆ ಮಾಡಿ ಕಲಿಯುವ ತರಬೇತಿ. ಗುರುಬಸವ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕ್ಯಾಂಪಸ್ಸಿನಲ್ಲಿ ಪಂಪು, ಕೊಳಾಯಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಅಲ್ಲಿನ ರಕ್ಷಣಾ ತಂಡಕ್ಕೆ ಅವನನ್ನು ಆರಿಸಿದ್ದರು. ಆ ತಂಡದಲ್ಲಿ ಅವನಿಗಿಂತ ಮೊದಲು ಇದ್ದವರು ಅವನ ಅಪ್ಪ ಬಸವಲಿಂಗಪ್ಪ. ಅವರು ಈಗ ಗೋಡೆಯ ಮೇಲೆ ಫೋಟೋದಲ್ಲಿದ್ದರು. ಅದಕ್ಕೇ ಬೂಟು ಜೋಳದ ಡಬ್ಬಿ ಸೇರಿತ್ತು.

ಅದು ಎರಡು ಸಾವಿರದ ಆರನೆಯ ಇಸವಿ. ಹೈದರಾಬಾದಿನ ಆ ಭಾಗದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಗಾಜು ಎಲ್ಲರಿಗೂ ಕಾಣುತ್ತಿತ್ತು, ನೆಲದಡಿಯ ಕೊಳಚೆ ತೊಟ್ಟಿ ಯಾರಿಗೂ ಕಾಣುತ್ತಿರಲಿಲ್ಲ. ಸಾವಿರಾರು ಜನ ಕೂತು ದುಡಿಯುವ ಕಡೆ ಅವರೆಲ್ಲರ ಕೊಳಚೆಗೂ ಒಂದು ಜಾಗ ಬೇಕಲ್ಲ. ಅದನ್ನು ನೋಡಿಕೊಳ್ಳಲು ಹುಮನಾಬಾದಿನಿಂದಲೋ ಬಸವಕಲ್ಯಾಣದಿಂದಲೋ ಬಂದ ಯಾರಾದರೂ ಬೇಕು.

ಬಸವಲಿಂಗಪ್ಪನವರಿಗೆ ತರಬೇತಿ ಆಗಿರಲಿಲ್ಲವೇ? ಆಗಿತ್ತು. ತಣ್ಣನೆಯ ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸಿ, ಇಂಗ್ಲಿಷಿನಲ್ಲಿ ವಿವರಿಸಿ, ಸಮೋಸ ತಿನ್ನಿಸಿ, ಸರ್ಟಿಫಿಕೇಟು ಕೈಗೆ ಕೊಟ್ಟು ಕಳಿಸಿದ್ದರು. ಕಂಪ್ಯೂಟರಿನ ಮೋಡಿಯಲ್ಲಿ ಮುಳುಗಿದ್ದ ಕಂಪನಿಯ ದೊಡ್ಡವರಿಗೆ ಪರದೆಯ ಮೇಲೆ ಮೂಡಿದ್ದೆಲ್ಲ ತಲೆಯೊಳಗೂ ಮೂಡುತ್ತದೆ ಎಂಬ ನಂಬಿಕೆ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಸವಲಿಂಗಪ್ಪ ಬೀಗಿದ್ದರು, ಪಾಪ.

ಕ್ಯಾಂಪಸ್ಸಿನಲ್ಲಿ ಉಸಿರಾಟದ ಯಂತ್ರವೂ ಇತ್ತು. ಬೆನ್ನಿಗೆ ಹಾಕಿಕೊಳ್ಳುವ ಗಾಳಿಯ ಸಿಲಿಂಡರು, ಮುಖಕ್ಕೆ ಮುಖವಾಡ. ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ತೂಗುಹಾಕಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದು ಹೊರಗೆ ಬರುತ್ತಿತ್ತು. ಬಸವಲಿಂಗಪ್ಪ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಭಕ್ತಿಗೇನೂ ಕೊರತೆ ಇರಲಿಲ್ಲ. ಅದನ್ನು ಬೆನ್ನಿಗೆ ಹಾಕಿ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ತೊಟ್ಟಿಯ ಪಂಪು ಕಟ್ಟಿಕೊಂಡಿತು. ಅದನ್ನು ಬಿಡಿಸಲು ಪ್ಲಂಬರ್ ರಾಮಕೃಷ್ಣ ಏಣಿ ಇಳಿದ. ಇಳಿದವನು ಕೊಳಚೆಯ ವಿಷಗಾಳಿಗೆ ಅಲ್ಲೇ ಕುಸಿದ. ಬಸವಲಿಂಗಪ್ಪ ಓಡಿದರು, ಪೆಟ್ಟಿಗೆಯ ಬೀಗ ತೆಗೆದರು, ಯಂತ್ರವನ್ನು ಹೊತ್ತು ತಂದರು. ಮುಖವಾಡ ಹಾಕಿಕೊಂಡರೆ ಉಸಿರೇ ಬರಲಿಲ್ಲ. ಗಾಳಿ ಬಿಡುವ ತಿರುಪು ಸಿಲಿಂಡರಿನ ಬುಡದಲ್ಲಿತ್ತು, ಅದನ್ನು ತಿರುಗಿಸಬೇಕೆಂದು ಅವರ ಕೈಗೆ ಗೊತ್ತಿರಲಿಲ್ಲ. ಕಿತ್ತೆಸೆದರು. ಹೆಗಲ ಮೇಲಿನ ಟಾವೆಲ್ಲನ್ನು ನೀರಲ್ಲಿ ಅದ್ದಿ ಮೂಗು ಬಾಯಿಗೆ ಬಿಗಿದುಕೊಂಡು ಇಳಿದರು. ಸಂಜೆಯ ಹೊತ್ತಿಗೆ ಎರಡು ಹೆಣ ಮೇಲೆ ಬಂದವು.

ಇಷ್ಟು ಆಗಿ ವರ್ಷ ತುಂಬಿರಲಿಲ್ಲ. ಈಗ ಮಗನ ಸರದಿ ಎಂದರೆ ಯಾವ ತಾಯಿ ಬೂಟು ಕೈಗೆ ಕೊಟ್ಟಾಳು?

ತಾಯಿ ಮಗನ ಜಗಳ ಗೋಡೆಯಾಚೆ ಕೇಳಿಸಿ ಪಕ್ಕದ ಮನೆಯ ಸುವರ್ಣಾ ಒಳಗೆ ಬಂದಳು. ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸು ಆಕೆ. ರಜೆ ಸಿಕ್ಕಾಗ ಆ ಮೈದಾನಕ್ಕೆ ಹೋಗಿ ಪ್ರಥಮ ಚಿಕಿತ್ಸೆ ಕಲಿಸಿಕೊಡುತ್ತಿದ್ದಳು.

“ಏನ್ರಿ ಅಕ್ಕಾ, ಮುಂಜಾನೆ ಮುಂಜಾನೆ?”

“ಬಾ ಸುವರ್ಣಾ, ನೀನ ನ್ಯಾಯ ಹೇಳು. ಇವರಪ್ಪಗೂ ಟ್ರೇನಿಂಗ್ ಆಗಿತ್ತು. ಆ ಟ್ರೇನಿಂಗ್ ಆಗಿರದಿದ್ರ ಆ ಮನಷ್ಯಾ ದಂಡಿಮ್ಯಾಲ ನಿಂತು ಬಾಯಿ ಬಾಯಿ ಬಡ್ಕೊಂತಿದ್ದ, ಉಳೀತಿದ್ದ. ‘ನಾ ಕಲ್ತವ ಇದ್ದೀನಿ’ ಅಂತ ಧೈರ್ಯ ಬಂತು, ಇಳದ, ಸತ್ತ. ಈಗ ಇವನೂ ಕಲ್ತು ಧೈರ್ಯ ತಗೊಳ್ಳಾಕ ಹೊಂಟಾನ.”

ಸಾವಿತ್ರಿಬಾಯಿಯ ಮಾತಿನಲ್ಲಿ ಸತ್ಯವಿತ್ತು, ಅದು ಸುವರ್ಣಾಳಿಗೂ ಗೊತ್ತಿತ್ತು.

“ಅಕ್ಕಾ, ನೀವು ಹೇಳೋದು ಖರೇ ಐತಿ,” ಎಂದಳು. “ಅರ್ಧಾ ಮರ್ಧಾ ಕಲಿಸಿದ್ರ ಹಿಂಗ ಆಗ್ತೈತಿ. ಅಣ್ಣಾರಿಗೆ ತೋರಿಸಿದ್ರು, ಕಲಿಸಲಿಲ್ಲ. ನೀವು ರೊಟ್ಟಿ ಬಡಿಯೋದು ನಾ ದಿನಾ ನೋಡ್ತೀನಿ. ಬಡ್ಯಾಕ ಕುಂತ್ರ ನಂದು ಇವತ್ತಿಗೂ ಹರೀತೈತಿ.”

“ರೊಟ್ಟಿ ಹರದ್ರ ಇನ್ನೊಂದು ಬಡೀಬಹುದು.”

“ಅದಕ್ಕ ಹೇಳಾಕತ್ತೀನಿ, ಹರಿಯೋದಿದ್ರ ಮೈದಾನದಾಗ ಹರೀಲಿ.” ಸುವರ್ಣಾಳ ದನಿ ಸಣ್ಣದಾಯಿತು. “ನಮ್ಮ ವಾರ್ಡಿನಾಗ ಒಂದು ಸಂಗತಿ ನೋಡೀನ್ರಿ. ಆಕ್ಸಿಡೆಂಟ್ ಆದವರು ಒಬ್ಬೊಬ್ಬರ ಬರ್ತಾರ. ತೊಟ್ಟ್ಯಾಗ ಬಿದ್ದವರು ಜೋಡಿ ಬರ್ತಾರ. ಒಬ್ಬ ಮೊದಲ ಬಿದ್ದವ, ಇನ್ನೊಬ್ಬ ಅವನ್ನ ಉಳಿಸಾಕ ಹೋದವ. ಎರಡನೇದವ ಯಾವಾಗಲೂ ಒಳ್ಳೆ ಮನಷ್ಯಾನ ಇರ್ತಾನ ಅಕ್ಕಾ.”

ಸಾವಿತ್ರಿಬಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಎದ್ದು ಡಬ್ಬಿಯ ಮುಚ್ಚಳ ತೆಗೆದು, ಬೂಟು ಹೊರಗೆಳೆದು, ಜೋಳ ಕೊಡವಿ, ಮಗನ ಮುಂದೆ ಇಟ್ಟರು.

“ನಾನೂ ಒಂದಿನ ಬಂದು ನೋಡ್ತೀನಿ. ಮನಸ್ಸಿಗೆ ಬರ್ಲಿಲ್ಲಂದ್ರ ಕೈ ಹಿಡದು ಎಳಕೊಂಡ ಬರ್ತೀನಿ. ಆವಾಗ ನಾಲ್ಕ ಮಂದ್ಯಾಗ ಅವ್ವ ಮಾನ ಕಳದ್ಲು ಅನ್ನಬ್ಯಾಡ.”

ಆ ವಾರದಲ್ಲೇ ಒಂದು ದಿನ ಸುವರ್ಣಾಳ ಜೊತೆ ಬಸ್ಸು ಹತ್ತಿದರು. ಮೈದಾನದ ಗೇಟಿನೊಳಗೆ ಬಂದ ಕೂಡಲೇ ಸುವರ್ಣಾ ತನ್ನ ಚಿಕಿತ್ಸೆಯ ಸಾಮಾನು ಇಡಲು ಶೆಡ್ಡಿನ ಕಡೆ ತಿರುಗಿದಳು. ಸಾವಿತ್ರಿಬಾಯಿ ಜನ ಕಂಡ ಕಡೆ ನಡೆದರು. ಸಿಮೆಂಟಿನ ಒಂದು ತೊಟ್ಟಿ, ಅದರ ಬಾಯಿಯ ಸುತ್ತ ಹೆಲ್ಮೆಟ್ ಹಾಕಿದ ಗಂಡಸರು. ಅವರ ಕಾಲ ಬಳಿ ಮನುಷ್ಯನಷ್ಟುದ್ದದ ಗೋಣಿಬಟ್ಟೆಯ ಗೊಂಬೆ ಮಲಗಿತ್ತು. ಅದರ ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಇನ್ನೊಂದು ದೇಹ. ಬಟ್ಟೆಯ ಅಂಚಿನಿಂದ ಎರಡು ಬೂಟು ಆಚೆ ಚಾಚಿದ್ದವು.

ಆ ಬೂಟು ಯಾರವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಗುರೂ!”

ಆ ಕೂಗಿಗೆ ಅಲ್ಲಿದ್ದವರೆಲ್ಲ ಬೆಚ್ಚಿದರು. ಬಿಳಿ ಬಟ್ಟೆ ಅಲುಗಾಡಿತು. ಗುರುಬಸವ ಗಾಬರಿಯಿಂದ ಎದ್ದು ಕೂತ. ಸಾವಿತ್ರಿಬಾಯಿ ಅವನ ಬೆನ್ನಿಗೆ, ಭುಜಕ್ಕೆ, ಸಿಕ್ಕಲ್ಲೆಲ್ಲ ಗುದ್ದಿದರು. ಗುದ್ದುತ್ತಲೇ ಅಪ್ಪಿಕೊಂಡರು. ಬಿಡಿಸಲು ಯಾರಿಗೂ ಧೈರ್ಯವಾಗಲಿಲ್ಲ.

ಕಲಿಸುವ ವಾಸುದೇವ ಮುಂದೆ ಬಂದು ಕೈಮುಗಿದರು. ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು, ಬೀದರ್ ಕಡೆಯವರೇ.

“ತಪ್ಪಾತ್ರಿ ಅಕ್ಕಾ. ನೀವು ಬರೋದು ನನಗ ಗೊತ್ತಿರ್ಲಿಲ್ಲ.”

“ಇದೇನ ಆಟ ಹಚ್ಚೀರಿ? ಬದುಕಿದ ಮಗನ ಮ್ಯಾಲ ಹೆಣದ ಬಟ್ಟಿ ಹಾಕ್ತೀರಿ?”

“ಆಟ ಅಲ್ರಿ. ತೊಟ್ಟ್ಯಾಗ ಗೊಂಬಿ ಇಳಿಸಿ, ‘ನಿಮ್ಮ ದೋಸ್ತ ಬಿದ್ದಾನ’ ಅಂತ ಒದರಿದ್ವಿ. ಪಕ್ಕದಾಗ ಯಂತ್ರ ಇತ್ತು, ಹಗ್ಗ ಇತ್ತು. ನಿಮ್ಮ ಮಗ ಅವ್ಯಾವೂ ಮುಟ್ಟಲಿಲ್ಲ. ಮುಖಕ್ಕ ಹಸಿ ಟಾವೆಲ್ ಸುತ್ತಿ ಏಣಿ ಹಿಡದ.”

ಸಾವಿತ್ರಿಬಾಯಿ ಮಗನ ಮುಖ ನೋಡಿದರು. “ಟಾವೆಲ್ ಏನೋ? ನಿಮ್ಮಪ್ಪ ಹ್ಯಾಂಗ ಹೋದ ಅಂತ ಗೊತ್ತಿದ್ದೂ?”

ಗುರುಬಸವ ತಲೆ ತಗ್ಗಿಸಿದ. “ಗೊತ್ತೈತವ್ವಾ. ಆ ಹೊತ್ತಿಗೆ ತಲಿಯಾಗ ಏನೂ ಉಳೀಲಿಲ್ಲ. ಕೈ ತಾನ ಟಾವೆಲ್ ಕಡೆ ಹೋತು.”

“ಎಲ್ಲಾರ ಕೈಯೂ ಹಂಗರಿ,” ಎಂದರು ವಾಸುದೇವ. “ಗಾಬರಿ ಆದಾಗ ಬುದ್ಧಿ ಕೆಲಸ ಮಾಡೂದಿಲ್ಲ, ರೂಢಿ ಕೆಲಸ ಮಾಡ್ತೈತಿ. ವಿಷದ ಗಾಳಿಗೆ ಹಸಿ ಟಾವೆಲ್ ಅಡ್ಡ ಬರೂದಿಲ್ಲ ಅಂತ ಬಾಯಿಲೆ ನೂರ ಸಲ ಹೇಳಬಹುದು, ಕೈಗೆ ಹತ್ತೂದಿಲ್ಲ. ಅದಕ್ಕ ಇಲ್ಲಿ ತಪ್ಪಿದವರನ್ನ ಗೊಂಬಿ ಬಾಜೂಕ ಮಲಗಿಸ್ತೀವಿ. ಆಮ್ಯಾಲ ಎಬ್ಬಿಸಿ ಮತ್ತ ಮೊದಲಿಂದ ಮಾಡಸ್ತೀವಿ. ಇಲ್ಲಿ ಸತ್ತವರು ಏಳ್ತಾರ ಅಕ್ಕಾ. ಹೊರಗ ಏಳೂದಿಲ್ಲ.”

ಆಕೆ ಮಗನ ಕೈ ಹಿಡಿದಿದ್ದರು. ಎಳೆದುಕೊಂಡು ಹೋಗುತ್ತೇನೆ ಎಂದು ಬಂದವರು. ಆ ಕೈಯನ್ನು ಬಿಡಲು ಬಹಳ ಹೊತ್ತು ಬೇಕಾಯಿತು. ಬಿಟ್ಟರು. ಬೇವಿನ ಮರದ ನೆರಳಿಗೆ ಹೋಗಿ ಕೂತರು.

ಗುರುಬಸವ ಮತ್ತೆ ಮಾಡಿದ. ಈ ಸಲ ಯಂತ್ರ ಹಾಕಿಕೊಂಡ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದನ್ನು ಮರೆತ. ಮತ್ತೆ ಬಿಳಿ ಬಟ್ಟೆ. ಸಾವಿತ್ರಿಬಾಯಿ ಮುಖ ತಿರುಗಿಸಿದರು, ಆಮೇಲೆ ಹಟಕ್ಕೆ ಬಿದ್ದವರಂತೆ ಅತ್ತಲೇ ನೋಡಿದರು. ಇನ್ನೊಮ್ಮೆ ಮಾಡಿದ. ಮುಖವಾಡದ ಅಂಚು ಸರಿಯಾಗಿ ಕೂತಿರಲಿಲ್ಲ. ಮತ್ತೆ ಮಲಗಿದ. ಬಿಸಿಲು ಇಳಿಯುವ ಹೊತ್ತಿಗೆ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

ಕೊನೆಗೆ ಸರಿಯಾಗಿ ಮಾಡಿದ. ಮೊದಲು ಸಹಾಯಕ್ಕೆ ಕೂಗಿದ. ಗಾಳಿ ಅಳೆಯುವ ಸಣ್ಣ ಮೀಟರನ್ನು ದಾರದಲ್ಲಿ ಇಳಿಸಿ ವಿಷವಿದೆಯೇ ಎಂದು ನೋಡಿದ. ಜೊತೆಯವನು ದೊಡ್ಡ ಫ್ಯಾನಿನ ಕೊಳವೆಯನ್ನು ತೊಟ್ಟಿಗೆ ಬಿಟ್ಟ. ಗುರುಬಸವ ಸಿಲಿಂಡರು ಬೆನ್ನಿಗೇರಿಸಿ, ಕೈ ಹಿಂದೆ ಚಾಚಿ, ನೋಡದೆಯೇ ತಿರುಪು ತಿರುಗಿಸಿದ. ಮುಖವಾಡ ಒತ್ತಿ ನೋಡಿದ, ಹಗ್ಗ ಎಳೆದು ನೋಡಿದ. ಮೇಲೆ ಇಬ್ಬರು ಹಗ್ಗ ಹಿಡಿದು ನಿಂತರು. ಆಮೇಲೆ ಇಳಿದ. ಗೊಂಬೆ ಮೇಲೆ ಬಂತು, ಹಿಂದೆಯೇ ಅವನೂ ಬಂದ.

ಹತ್ತಿರ ಬಂದ ವಾಸುದೇವರನ್ನು ಸಾವಿತ್ರಿಬಾಯಿ ಮೆಲ್ಲಗೆ ಕೇಳಿದರು. “ಆ ಯಂತ್ರ ಹಾಕೊಳ್ಳಾಕ ಇಷ್ಟ ಹೊತ್ತ ಸಾಕೇನ್ರಿ?”

“ರೂಢಿ ಆದವರಿಗೆ ಇಷ್ಟ ಸಾಕ್ರಿ ಅಕ್ಕಾ.”

“ಒಲಿಮ್ಯಾಲಿನ ಹಾಲು ಉಕ್ಕೋದ್ರಾಗ ಆಗಿಹೋತಲ್ರಿ.”

ಅಷ್ಟು ಹೇಳಿ ಆಕೆ ಅಳತೊಡಗಿದರು. ಗಂಡ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಅಲ್ಲಿಯವರೆಗೆ, ತೊಟ್ಟಿಗೆ ಇಳಿದ ಮೇಲೆ ಸಾವು ಹಣೆಬರಹ ಎಂದು ನಂಬಿದ್ದರು, ಆ ನಂಬಿಕೆಯಲ್ಲಿ ಒಂದು ಸಮಾಧಾನವಿತ್ತು. ಇವತ್ತು ಆ ಸಮಾಧಾನವೂ ಹೋಯಿತು. ತಿರುಪು ಎಲ್ಲಿದೆ ಎಂದು ಒಮ್ಮೆ ಕೈ ಹಿಡಿದು ತೋರಿಸಿದ್ದರೆ ಸಾಕಿತ್ತು. ಇಂಥ ಒಂದು ಮೈದಾನದಲ್ಲಿ ನಾಲ್ಕು ಸಲ ಬೀಳಿಸಿ ಎಬ್ಬಿಸಿದ್ದರೆ ಸಾಕಿತ್ತು. ಹಾಗೆ ಮಾಡಿದ್ದರೆ ಆ ಮನುಷ್ಯ ಇವತ್ತು ರೊಟ್ಟಿಗೆ ಕಾರ ಸಾಲದು ಎಂದು ಗೊಣಗುತ್ತ ಮನೆಯಲ್ಲಿರುತ್ತಿದ್ದ. ಸುವರ್ಣಾ ಬಂದು ಪಕ್ಕದಲ್ಲಿ ಕೂತಳು.

ಹೊರಡುವಾಗ ಗುರುಬಸವ ಅಳುಕುತ್ತ ಹತ್ತಿರ ಬಂದ. “ಅವ್ವಾ, ನಾಳಿಗೆ ಬರೂದು ಬಿಡಲೇನು?”

ಸಾವಿತ್ರಿಬಾಯಿ ಸೆರಗಿನಿಂದ ಅವನ ಮುಖದ ಬೆವರು ಒರೆಸಿದರು.

“ನಾಳೆ ಬಾ. ನಾಡದೂ ಬಾ. ಎಷ್ಟ ಸಲ ಸಾಯಬೇಕೋ ಇಲ್ಲೇ ಸತ್ತು ಮನಿಗೆ ಬಾ.”

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮನೆಯ ಗಂಡಸೋ ಮಗನೋ ಕಾರ್ಖಾನೆಗೆ, ಕ್ಯಾಂಪಸ್ಸಿಗೆ, ಅಪಾರ್ಟ್‌ಮೆಂಟಿಗೆ ದುಡಿಯಲು ಹೋಗುತ್ತಿರಬಹುದು. ಇವತ್ತು ಅವನು ಮನೆಗೆ ಬಂದಾಗ ಒಂದು ಮಾತು ಕೇಳಿ: ನಿಮ್ಮಲ್ಲಿರುವ ಉಸಿರಾಟದ ಯಂತ್ರವನ್ನು ಕೊನೆಯ ಸಲ ಯಾರು ಹಾಕಿಕೊಂಡಿದ್ದರು? ಅವನು ಉತ್ತರ ಹುಡುಕತೊಡಗಿದರೆ ಸುಮ್ಮನಿರಬೇಡಿ. ಕೈಯಾರೆ ಮಾಡಿಸಿ ಕಲಿಸುವ ತರಬೇತಿ ಕೊಡಿ ಎಂದು ಮಾಲೀಕರನ್ನು ಕೇಳಿ, ನಾಲ್ಕು ಜನ ಸೇರಿ ಕೇಳಿ. ಕೊಳಚೆ ತೆಗೆಯುವ ಯಂತ್ರದಿಂದ ಆಗುವ ತೊಟ್ಟಿಯ ಕೆಲಸಕ್ಕೆ ಮನುಷ್ಯನನ್ನು ಇಳಿಸಲು ಒಪ್ಪಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ದುರ್ವಾಸನೆ ನಿಂತಿತೆಂದರೆ ಗಾಳಿ ಶುದ್ಧವಾಯಿತು ಎಂದಲ್ಲ, ವಿಷ ಮೂಗನ್ನೇ ಕೊಂದಿರಬಹುದು. ದಡದಲ್ಲೇ ನಿಂತು ಕೂಗಿ, ಅಗ್ನಿಶಾಮಕ ದಳದ ನೂರಾ ಒಂದಕ್ಕೆ ಫೋನ್ ಮಾಡಿ, ಕಲಿತವರು ಬರುವವರೆಗೆ ಉಳಿದವರನ್ನು ತಡೆದು ಹಿಡಿಯಿರಿ. ಹೊರಗೆ ನಿಂತವನು ಹೇಡಿಯಲ್ಲ. ಬಿದ್ದವನಿಗೂ ಒಬ್ಬ ಅವ್ವ ಇದ್ದಾಳೆ, ಹೊರಗೆ ನಿಂತವನಿಗೂ ಒಬ್ಬ ಅವ್ವ ಇದ್ದಾಳೆ. ಇಬ್ಬರು ಅವ್ವಂದಿರನ್ನೂ ಒಂದೇ ದಿನ ಅಳಿಸಬೇಡಿ.