ಅಕ್ಕನ ಫೋನಿಗೊಂದು ಚೌಕಾಬಾರ

ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಯಾವ ಭಾಷೆ ಕಲಿಯಲಿ ಎಂದು ಮನೆಯವರನ್ನು ಕೇಳಿದ್ದೇ ನನ್ನ ಗ್ರಹಚಾರ. ಮಗಳು ಸಿಂಚನ, ಮೈದುನನ ಮಗ ವಸಂತ್, ಇಬ್ಬರೂ ಕಂಪ್ಯೂಟರ್ ಕೆಲಸದವರೇ. ಜಡಿಗೇನಹಳ್ಳಿಯ ನಮ್ಮ ಪಡಸಾಲೆಯಲ್ಲೇ ಕಚ್ಚಾಡತೊಡಗಿದರು.

"ಪೈಥಾನ್ ಕಲಿಯಮ್ಮ, ಸುಲಭ," ಎಂದಳು ಸಿಂಚನ.

"ಜಾವಾ ಕಲೀರಿ ದೊಡ್ಡಮ್ಮ. ಬುನಾದಿ ಗಟ್ಟಿ ಆಗುತ್ತೆ, ಕೆಲ್ಸಾನೂ ಸಿಗುತ್ತೆ," ಎಂದ ವಸಂತ್.

"ಈ ವಯಸ್ಸಲ್ಲಿ ನಂಗೆ ಯಾವನೋ ಕೆಲ್ಸ ಕೊಡೋನು?" ಎಂದು ಗದರಿದೆ.

ನನಗೆ ಬೇಕಿದ್ದದ್ದು ಕೆಲಸವಲ್ಲ, ಕವಡೆ ಹಾಕಿ ಆಡುವ ಚೌಕಾಬಾರ. ತ್ಯಾಮಗೊಂಡ್ಲುವಿನ ನನ್ನಕ್ಕ ಮುನಿತಾಯಮ್ಮ ಕೊಟ್ಟಿಗೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ದಿನಾ ಎದ್ದು ಕೂರದಿದ್ದರೆ ಮುಂದೆ ನಡೆಯಲಾಗುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರೂ, "ಎದ್ದು ಏನ್ ಕಡಿದು ಗುಡ್ಡೆ ಹಾಕ್ಬೇಕು?" ಎಂದು ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಚೌಕಾಬಾರದಲ್ಲಿ ನನ್ನನ್ನು ಸೋಲಿಸುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಆದರೆ ನಾನು ಅವಳ ಫೋನಿಗೆ ಹಾಕಿಕೊಟ್ಟ ಸಿದ್ಧ ಆಟ ನಮ್ಮ ಮನೆಯ ಕಟ್ಟಳೆಯಂತೆ ಇರಲಿಲ್ಲ. "ಇದ್ಯಾವ ಊರಿನ ಆಟವೇ?" ಎಂದು ಫೋನನ್ನೇ ಎಸೆದಿದ್ದಳು. ಹಾಗಾಗಿ ನಾನೇ ಮಾಡಬೇಕಿತ್ತು.

ಸುಲಭ ಎಂದಳಲ್ಲ ಮಗಳು, ಪೈಥಾನ್ ಹಿಡಿದೆ. ಸಿಂಚನಳ ಹಳೇ ಲ್ಯಾಪ್‌ಟಾಪಿನಲ್ಲಿ ಹೆಣಗಾಡಿ, ಕವಡೆ ಹಾಕುವಷ್ಟು ಬರೆದು, ಬಸ್ಸು ಬದಲಿಸುತ್ತಾ ಅಕ್ಕನ ಮನೆಗೆ ಹೊತ್ತೊಯ್ದೆ. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ "ನಾಲ್ಕು" ಎಂದು ಬಂತು.

"ಇಷ್ಟೇನಾ?" ಎಂದಳು ಅಕ್ಕ. "ಇದನ್ನ ನೀನು ಎತ್ಕಂಡು ಹೋದ್ಮೇಲೆ ನಾನು ಏನ್ ಆಡ್ಲಿ? ನನ್ ಫೋನಲ್ಲಿ ಬರಾಕಿಲ್ವಾ?"

ಮತ್ತೆ ಗೋಡೆಯ ಕಡೆ ತಿರುಗಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಲಿಂಕ್ ಒತ್ತಿದ್ರೆ ಅಕ್ಕನ ಫೋನಲ್ಲಿ ಆಟ ಬರ್ಬೇಕು. ಅದಕ್ಕೆ ಯಾವ ಭಾಷೆ?" ಎಂದೆ ಸಿಂಚನಳಿಗೆ.

"ಜಾವಾಸ್ಕ್ರಿಪ್ಟ್. ಆಡೋರು ದೊಡ್ಡಮ್ಮ, ಅದೂ ಫೋನಲ್ಲಿ ಅಂತ ಮೊದ್ಲೇ ಹೇಳೋದಲ್ವಾ?"

"ನೀವಿಬ್ರೂ ಕೇಳಿದ್ರಾ? ದೊಡ್ಡ ಪಂಡಿತರು!"

ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ ಎಂದು ಗೊಣಗಿದೆ. ಕೂತು ನೋಡಿದರೆ ಅಷ್ಟೇನೂ ಕಷ್ಟವಿಲ್ಲ. ಹೀಗಾದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂಬ ಲೆಕ್ಕ ಅಲ್ಲಿಯೂ ಅದೇ, ಬರೆಯುವ ರೀತಿ ಮಾತ್ರ ಬೇರೆ. ಒಂದು ಕಲಿತದ್ದು ಇನ್ನೊಂದಕ್ಕೆ ಒದಗಿತು. ಎರಡು ಫೋನುಗಳ ನಡುವೆ ಆಟ ಓಡಾಡುವಂತೆ ಮಾಡಲು ಸಿಂಚನ ಕೈಜೋಡಿಸಿದಳು. ಕವಡೆ, ಕಾಯಿ, ನಮ್ಮ ಮನೆಯ ಕಟ್ಟಳೆ ಎಲ್ಲವನ್ನೂ ನಾನೇ ಬರೆದೆ.

ಭಾನುವಾರ ಬೆಳಿಗ್ಗೆ ಲಿಂಕ್ ಕಳಿಸಿದೆ. ಅಕ್ಕ ನೋಡಿದ ಗುರುತು ಬಂತು. ಆಮೇಲೆ ಸದ್ದೇ ಇಲ್ಲ. ಒಲೆಯ ಮೇಲಿನ ಸಾರು ಸೀದರೂ ನಾನು ಫೋನು ಬಿಟ್ಟು ಏಳಲಿಲ್ಲ. ಕೊನೆಗೆ ಪರದೆಯ ಮೇಲೆ ನಾಲ್ಕು ಕವಡೆ ಉರುಳಿದವು. ಅಯ್ಯೋ, ಬಾರ ಬಿದ್ದಿತ್ತು, ಒಂದೇ ಸಲಕ್ಕೆ ಎಂಟು! ಹಿಂದೆಯೇ ಅವಳ ಕರೆ ಬಂತು.

"ಲೇ ಭಾಗ್ಯ, ಆಟದ ಮನೆಗಳ ಬಣ್ಣ ಒಂಚೂರೂ ಚೆನ್ನಾಗಿಲ್ಲ ಕಣೇ."

"ಮಲ್ಕಂಡು ನೋಡಿದ್ರೆ ಹೆಂಗ್ ಚೆನ್ನಾಗಿ ಕಾಣ್ತದಕ್ಕಾ?"

"ಯಾವಳೇ ಮಲ್ಕಂಡಿರೋಳು?" ಎಂದು ರೇಗಿದಳು. "ಕವಡೇನ ಯಾರಾದ್ರೂ ಮಲ್ಕಂಡು ಹಾಕ್ತಾರಾ? ಎದ್ದು ಕೂತಿವ್ನಿ. ಬಾಯಿ ಮುಚ್ಕಂಡು ಆಡು."