ಓದದೆ ಹಾರಿಸಿದ ಸಾಲುಗಳು

ಭಾನುವಾರ ಬೆಳಗ್ಗೆ ಮಾಂಸದಂಗಡಿಯ ನೆಲ ತೊಳೆಯಲು ಹೋದಾಗ ಗೋಡೆಯ ಕೊಕ್ಕೆಯಲ್ಲಿ ದೊಡ್ಡ ಮಚ್ಚು ಇರಲಿಲ್ಲ. ಅದನ್ನು ನನ್ನ ತಮ್ಮ ಬಿಟ್ಟರೆ ಬೇರೆ ಯಾರೂ ಮುಟ್ಟುವುದಿಲ್ಲ. ಕಡಿಯುವವನು ಅವನು, ತೂಗುವವಳು ನಾನು. ನಾವು ಚರ್ಚಿನವರು, ಭಾನುವಾರ ಅಂಗಡಿ ತೆರೆಯುವುದಿಲ್ಲ. ರಜೆಯ ದಿನ ಮಚ್ಚಿಗೇನು ಕೆಲಸ?

ತಮ್ಮನ ಮಗಳನ್ನು ಅವಳ ಗಂಡನೇ ಒದ್ದು ಒದ್ದು ಕೊಂದಿದ್ದ. ಹೆಣ ತೊಳೆದವಳು ನಾನು. ಪಕ್ಕೆಲುಬು ಕೈಗೆ ಸಡಿಲವಾಗಿ ಸಿಗುತ್ತಿತ್ತು. ಆ ಅಳಿಯ ಹಿಂದಿನ ದಿನವಷ್ಟೇ ಜಾಮೀನಿನ ಮೇಲೆ ಹೊರಬಂದು, ಚರ್ಚಿನ ಹಿಂದಿನ ಬೀದಿಯಲ್ಲಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಆರಾಮಾಗಿ ಗಡ್ಡ ಹೆರೆದುಕೊಳ್ಳುತ್ತಿದ್ದನಂತೆ.

ಅಂದು ಚರ್ಚಿನಲ್ಲಿ ತಮ್ಮನ ಮಗಳಿಗಾಗಿ ಪ್ರಾರ್ಥನೆ. ತಮ್ಮ ಮುಂದಿನ ಬೆಂಚಿನಲ್ಲಿ ಕೋಟು ಬಿಗಿದುಕೊಂಡು ಕೂತಿದ್ದ. ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿದೆ. ಕಬ್ಬಿಣ ತಗುಲಿತು.

"ಏನೋ ಇದು?"

"ಪ್ರಾರ್ಥನೆ ಮುಗೀಲಿ ಅಕ್ಕ. ಆಮೇಲೆ ಅವನ ಮನೆ ಕಡೆ ಹೋಗ್ತೀನಿ."

"ಹೋಗಿ?"

"ಕುರಿಗಾದ್ರೆ ಒಂದೇ ಏಟು. ಅವನಿಗೆ ಅಷ್ಟು ಮರ್ಯಾದೆ ಕೊಡಲ್ಲ."

ಪಾದ್ರಿ ಬೈಬಲಿನಿಂದ ಒಂದು ಪ್ರಲಾಪದ ಹಾಡು ಓದತೊಡಗಿದರು. ಕಣ್ಣೀರು, ಕತ್ತಲು, ದೇವರ ಮೌನ. ನಮ್ಮ ಚರ್ಚಿನಲ್ಲಿ ಒಂದು ರೂಢಿಯುಂಟು. ಹಾಡಿನಲ್ಲಿ ಅಳು ಮುಗಿದು ಶಾಪ ಶುರುವಾಗುವ ಕಡೆ ಪಾದ್ರಿ ಕೆಮ್ಮಿ, ಪುಟ ತಿರುವಿ, ಕೊನೆಯ ಸ್ತುತಿಗೆ ಹಾರಿಬಿಡುತ್ತಾರೆ. ಸಭ್ಯರ ಕಿವಿಗೆ ಅದು ಸಲ್ಲುವುದಿಲ್ಲವಂತೆ. ಅಂದೂ ಕೆಮ್ಮಿದರು.

ನಾನು ಎದ್ದು ನಿಂತೆ. "ಅಯ್ಯನವರೇ, ಹಾರಿಸ್ಬೇಡಿ. ಮಧ್ಯದ್ದೂ ಓದಿ."

"ಅದು ಬಹಳ ಕಠೋರ ಕಣಮ್ಮ. ಮಕ್ಕಳಿದ್ದಾರೆ."

"ನಾನು ತೊಳೆದ ಹೆಣಕ್ಕಿಂತ ಕಠೋರನಾ? ಬರೆದೋನು ದೇವರ ಮುಂದೇನೇ ಹೇಳಿದ್ದಾನೆ ತಾನೆ? ದೇವರಿಗಿಲ್ಲದ ನಾಚಿಕೆ ನಿಮಗ್ಯಾಕೆ?"

ಪಾದ್ರಿ ಪುಟ ಹಿಂದಕ್ಕೆ ತಿರುವಿ ಓದಿದರು. ಕೇಡಿಗನ ಮನೆ ಹಾಳಾಗಲಿ, ಹೆಸರು ಅಳಿಯಲಿ, ಅವನ ಮೇಲೆ ಯಾರೂ ಕರುಣೆ ತೋರದಿರಲಿ ಎಂದು ಅದರಲ್ಲಿತ್ತು. ತಮ್ಮನ ಬೆನ್ನು ನೆಟ್ಟಗಾಯಿತು. ಇಂಥದ್ದು ಆ ಪುಸ್ತಕದಲ್ಲಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಅವನ ಕಾಲು ಕೊಳೀಲಿ!" ಎಂದು ಎದ್ದು ಕೂಗಿದ. "ಒದ್ದ ಕಾಲಿಗೆ ಹುಳ ಬೀಳ್ಲಿ! ಕೇಳಿಸ್ತಾ ಮೇಲಿರೋನೇ? ನನ್ನ ಕೂಸು ಕಿರುಚಿದಾಗ ಎಲ್ಲಿ ಸತ್ತಿದ್ದೆ?" ಮುನ್ನುಗ್ಗಿ, ಕೋಟಿನೊಳಗಿಂದ ಮಚ್ಚು ಎಳೆದು, ಪಾದ್ರಿಯ ಮೇಜಿಗೆ ಬೀಸಿದ. ಹಲಗೆ ಸೀಳಿ ಮಚ್ಚು ಅಲ್ಲೇ ಕಚ್ಚಿಕೊಂಡಿತು. "ತಗೋ, ನೀನೇ ಕಡಿ! ನನ್ನ ಕೈಲಿ ಮಾಡಿಸ್ಬೇಡ!"

ಮಗಳು ಸತ್ತಂದಿನಿಂದ ತುಟಿ ಬಿಚ್ಚದಿದ್ದ ಅವನ ಹೆಂಡತಿ ಆಗ ಬೋರೆಂದು ಅತ್ತಳು. ಪಾದ್ರಿ ಮಚ್ಚು ಕೀಳಲು ಅದರ ಅಲಗಿಗೆ ಕೈಹಾಕಿದರು.

"ಬಿಡಿ ಅಯ್ಯನವರೇ, ಬೆರಳು ಹೋಗುತ್ತೆ," ಎಂದ ತಮ್ಮ ಏದುಸಿರಿನಲ್ಲಿ. "ಅಲ್ಲೇ ಇರ್ಲಿ."

ಹೊರಗೆ ಬಂದಾಗ ಅವನ ಕಾಲುಗಳು ಹಿಂದಿನ ಬೀದಿಗೇ ತಿರುಗಿದವು. ನಾನು ತೋಳು ಬಿಡಲಿಲ್ಲ. ಮೆಟ್ಟಿಲ ಮೇಲಿದ್ದ ಅಳಿಯ ನಮ್ಮನ್ನು ಕಂಡು ಬಿಳಿಚಿಕೊಂಡು, ಒಳಗೋಡಿ ಚಿಲಕ ಹಾಕಿದ. ತಮ್ಮನ ಕೈ ಕೋಟಿನೊಳಗೆ ಹೋಗಿ ಬರಿದೇ ಬಂತು. ಬಾಗಿಲಿಗೆ ಮುಖವೊಡ್ಡಿ, ಚರ್ಚಿನಲ್ಲಿ ಕೇಳಿದ ಶಾಪವನ್ನು ತನ್ನದೂ ಸೇರಿಸಿ, ಬೀದಿಗೆ ಬೀದಿಯೇ ಕೇಳುವಂತೆ ಕೂಗಿದ. ಗಂಟಲು ಕಟ್ಟಿದ ಮೇಲೆ ನನ್ನ ಕಡೆ ತಿರುಗಿದ.

"ಅಕ್ಕ, ನಾಳೆ ಅಂಗಡೀಲಿ ಮೂಳೆ ಕಡಿಯೋಕೆ?"

"ಚಿಕ್ಕ ಮಚ್ಚೊಂದು ಇದೆ, ನಡಿ. ನಿಧಾನ ಆಗುತ್ತೆ, ಅಷ್ಟೆ."