ಮೂಸಬ್ಬನವರ ಗ್ಯಾಸ್

೧

ಆಂಬ್ಯುಲೆನ್ಸಿನ ಸೈರನ್‌ನಿಂದ ಶುರು ಮಾಡಲೇ? ಮಾಡಿದೆ, ಹೊಡೆದು ಹಾಕಿದೆ. ಈ ಕಥೆಯ ರೋಗಿ ಬಂದದ್ದು ತೊಕ್ಕೊಟ್ಟಿನಿಂದ, ಆಟೋದಲ್ಲಿ. ಹಾಗಾದರೆ ಹೀಗೆ: ಅತ್ತಾವರದ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್ ಹನಾನ್ ಜಿಂಕೆಯಂತೆ ಓಡಿದಳು...

"ಓಡುವುದಾ?" ಹನಾನ್ ವಾಕ್ಯದ ಮಧ್ಯದಲ್ಲೇ ನಿಂತಳು. "ಇಲ್ಲಿ ಓಡುವ ಕ್ರಮ ಇಲ್ಲ ಮಾರಾಯ್ರೇ. ನರ್ಸ್ ಓಡಿದ್ರೆ ರೋಗಿಯ ಮನೆಯವರೂ ಹಿಂದೆಯೇ ಓಡ್ತಾರೆ. ಬೇಗ ನಡೆದಳು ಅಂತ ಬರೀರಿ."

(ಬರೆದೆ. ಜಿಂಕೆಗೆ ಡಿಸ್ಚಾರ್ಜ್.)

೨

ಬಾಗಿಲ ಬಳಿಯ ಮೇಜಿನ ಹಿಂದೆ ಹನಾನ್ ಒಬ್ಬಳೇ ನಿಲ್ಲುವ ಮೊದಲ ದಿನವಿದು. ಬಂದವರಲ್ಲಿ ಯಾರು ಮೊದಲು ಒಳಗೆ ಹೋಗಬೇಕು, ಯಾರು ಕಾಯಬಹುದು ಎಂದು ಅವಳೇ ಹೇಳಬೇಕು. ತಪ್ಪಿದರೆ ಒಂದು ಜೀವ ಹೋದೀತು. ಅವಳಿಗೆ ಭಯವಿತ್ತು, ಮುಖಕ್ಕೆ ಮಾತ್ರ ಅದನ್ನು ತಿಳಿಸಿರಲಿಲ್ಲ.

ಜಯ ಬಂದ. ಅಂಗಡಿಯ ಶಟರಿಗೆ ಬೆರಳು ಸಿಕ್ಕಿ ರಕ್ತ. "ಅಯ್ಯೋ ದೇವೆರೇ, ಯಾನ್ ಸೈಪೆ!" ಸತ್ತೇ ಹೋಗುತ್ತೇನೆಂಬ ಅವನ ಬೊಬ್ಬೆಗೆ ಇಡೀ ಹಾಲ್ ಎದ್ದು ನಿಂತಿತು. ಕರೆತಂದವರು ಪಕ್ಕದ ಬಟ್ಟೆಯಂಗಡಿಯ ಮೂಸಬ್ಬ. ಜಯನ ಚಪ್ಪಲಿ ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದರು.

ನಾನು ಪೆನ್ನು ಹಿಡಿದು ಜಯನತ್ತ ಧಾವಿಸಿದೆ. (ಬೊಬ್ಬೆ ಇದ್ದಲ್ಲೇ ಕಥೆ ಎಂದು ನಂಬಿದ ಬಡಪಾಯಿ ಲೇಖಕ.) ಹನಾನ್ ಅವನ ಬೆರಳಿಗೆ ಗಾಜ್ ಬಟ್ಟೆ ಒತ್ತಿ ಹಿಡಿಯಲು ಹೇಳಿ, ಮೂಸಬ್ಬನವರ ಹಣೆ ನೋಡಿದಳು. ಎಸಿಯಲ್ಲೂ ಬೆವರು ಸುರಿಯುತ್ತಿತ್ತು.

"ಕಾಕ, ನಿಮಗೆ ಎಂತ ಆಗ್ತಾ ಉಂಟು?"

"ನನಗೆಂತ ಇಲ್ಲ. ಗ್ಯಾಸ್. ದಾರಿಯಲ್ಲಿ ಲಿಂಬೆ ಸೋಡಾ ಕುಡಿದೆ. ಪೇಷಂಟ್ ಅವನು."

"ಗ್ಯಾಸ್ ದವಡೆಗೂ ಬಂತಾ?"

ಮೂಸಬ್ಬ ದವಡೆ ತಿಕ್ಕುತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದರು. ನಮ್ಮೂರಲ್ಲಿ ಎದೆ ಹಿಂಡಿದರೆ ಮೊದಲು ಸೋಡಾ, ಆಮೇಲೆ ಕಷಾಯ, ಕಟ್ಟಕಡೆಗೆ ಡಾಕ್ಟರು. ಅದರ ಮೇಲೆ, ಇನ್ನೊಬ್ಬನನ್ನು ಕರೆತಂದವರು ತಾವೇ ಮಲಗುವುದೆಂದರೆ ಮರ್ಯಾದೆಯ ಪ್ರಶ್ನೆ.

"ಮಲಗುವುದು ಬೇಡ ಕಾಕ, ಇಲ್ಲಿ ಸ್ವಲ್ಪ ಒರಗಿ. ಇಲ್ಲಿಂದ ಜಯಣ್ಣ ಚೆನ್ನಾಗಿ ಕಾಣ್ತಾರೆ."

ಒರಗಿದರು. ಜಯನನ್ನು ನೋಡುತ್ತಿದ್ದಂತೆಯೇ ಎದೆಗೆ ಇಸಿಜಿಯ ವಯರುಗಳು ಅಂಟಿಕೊಂಡವು. ಹಿರಿಯ ನರ್ಸ್ ಗೆರ್ಟ್ರೂಡ್ ಇಸಿಜಿ ನೋಡಿ ಗಂಭೀರರಾದರು. "ಹಾರ್ಟ್ ಅಟ್ಯಾಕ್. ಡಾಕ್ಟರನ್ನು ಕರಿ."

೩

ಅಂತ್ಯ ಒಂದು: ಮೂಸಬ್ಬ ತೀರಿಹೋದರು. "ಕಥೆಗೆ ಸ್ವಲ್ಪ ತೂಕ ಬರ್ತದೆ" ಎಂದೆ.

"ತೂಕ ಬೇಕಾದ್ರೆ ಆ ಆಕ್ಸಿಜನ್ ಸಿಲಿಂಡರ್ ಎತ್ತಿ" ಎಂದಳು ಹನಾನ್. "ಈಗ ಆಚೆ ನಿಲ್ಲಿ, ಟ್ರಾಲಿ ಹೋಗ್ಬೇಕು."

ಅಂತ್ಯ ಎರಡು: ಹನಾನ್‌ಗೆ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ. ಇದನ್ನು ಗೆರ್ಟ್ರೂಡ್ ಸಿಸ್ಟರೇ ಹೊಡೆದು ಹಾಕಿದರು. "ಶಾಲು ಹೊದ್ದುಕೊಂಡು ಡ್ಯೂಟಿ ಮಾಡ್ಲಿಕ್ಕೆ ಆಗ್ತದಾ? ಹಣ್ಣು ಬೇಕಾದ್ರೆ ಇರ್ಲಿ."

೪ (ಇದು ನಾನು ಬರೆದದ್ದಲ್ಲ, ತಾನಾಗಿ ಆದದ್ದು)

ಡಾಕ್ಟರು ನಗುತ್ತಾ ಹೊರಬಂದರು. ಬ್ಲಾಕ್ ತೆಗೆದಾಗಿದೆ. ಮೂಸಬ್ಬ ಮಾತಾಡುತ್ತಿದ್ದಾರೆ, ಜಯನ ಬೆರಳು ಹೇಗುಂಟೆಂದು ವಿಚಾರಿಸುತ್ತಿದ್ದಾರೆ. ಬ್ಯಾಂಡೇಜಿನ ಕೈಯೆತ್ತಿ ಜಯ ಗಳಗಳನೆ ಅತ್ತ. ಹನಾನ್ ಗೋಡೆಗೆ ಮುಖ ಮಾಡಿ ಅತ್ತಳು, ನಕ್ಕಳು, ಎರಡೂ ಒಟ್ಟಿಗೆ. ಖುಷಿಯಲ್ಲಿ ನಾನು ಮತ್ತೆ ಪೆನ್ನೆತ್ತಿದೆ.

"ಸರಿ, ಮುಗಿಯಿತು ಎಂದು ಬರೆಯಲೇ?"

"ಅಯ್ಯೋ, ಬೇಡ!" ಅವಳು ಕಣ್ಣೊರೆಸಿಕೊಂಡಳು. "ಮುಗೀತು ಅಂತ ನಾವಿಲ್ಲಿ ಹೇಳುವುದು ಒಂದೇ ಒಂದು ವಿಷಯಕ್ಕೆ. ಅದು ಇವತ್ತು ಆಗ್ಲಿಲ್ಲ ಅಲ್ವಾ?"